ಕಂಬಳಿ ಲಕ್ಕಪ್ಪನ ಎಣ್ಣೆ ಶೀಸೆ
ನಮ್ಮ ನಾಲ್ಕು ತಾಲೂಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಥಂಡಿ ಯಾವ ಊರಲ್ಲಿ ಎಂದು ಕಂಬಳಿ ಮಾರುವ ಲಕ್ಕಪ್ಪನನ್ನು ಕೇಳಿದರೆ, ತಾನು ನಿಂತ ಊರನ್ನೇ ಹೇಳುತ್ತಿದ್ದ. ದೀಪಾವಳಿ ಮುಗಿದದ್ದೇ ತಡ, ಹೆಗಲ ಮೇಲೆ ಕಂಬಳಿ ಹೊರೆ, ಕಿಸೆಯಲ್ಲಿ ಕೊಬ್ಬರಿ ಎಣ್ಣೆಯ ಸಣ್ಣ ಶೀಸೆ ಇಟ್ಟುಕೊಂಡು ಸಂತೆ ಸಂತೆ ತಿರುಗುತ್ತಿದ್ದ. ಹಾನಗಲ್ಲಿನಲ್ಲಿ ಬೆಳಗಾಗುತ್ತಲೇ ಶೀಸೆಯನ್ನು ಬೋರಲು ಹಿಡಿದು, "ನೋಡ್ರಿ ಯಕ್ಕಾ, ಎಣ್ಣಿ ಕಲ್ಲಾಗೇತಿ. ನಿಮ್ಮೂರಿನ ಥಂಡಿ ಮತ್ತೆಲ್ಲೂ ಇಲ್ಲ!" ಎನ್ನುತ್ತಿದ್ದ. ಶಿಗ್ಗಾವಿಯಲ್ಲೂ ಅದೇ ಮಾತು, ಸವಣೂರಿನಲ್ಲೂ ಅದೇ. "ಹೋದ ವಾರ ಹಾನಗಲ್ಲಾಗೂ ಹಿಂಗ ಅಂದ್ಯಂತಲ್ಲೋ?" ಎಂದು ಸವಣೂರಿನ ಎಲೆ ಮಾರುವ ಹಾಲವ್ವ ಚುಚ್ಚಿದರೆ, "ಥಂಡಿ ಏನು ಒಂದ ಕಡೆ ಕುಂದರತೈತೇನಬೇ? ಅದೂ ನನ್ನಂಗ ಸಂತಿ ತಿರಗತೈತಿ" ಎಂದು ನಗುತ್ತಿದ್ದ. ಹಿರೇಕೆರೂರಿನಲ್ಲಿ ಮಾತ್ರ ಅವನ ರೀತಿಯೇ ಬೇರೆ. ಊರು ಹತ್ತಿರ ಬಂದಂತೆ ಶೀಸೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎಣ್ಣೆ ಕರಗಿಸುತ್ತಿದ್ದ, ಸಂತೆಯಲ್ಲಿ ಅದನ್ನು ಅಲುಗಾಡಿಸಿ ತೋರಿಸಿ, "ಎಲ್ಲೈತ್ರಿ ಥಂಡಿ? ಬೆಚ್ಚನ್ನ ಊರು ನಿಮ್ದು" ಎನ್ನುತ್ತಿದ್ದ. ಅಲ್ಲಿ ಒಂದು ಕಂಬಳಿಯೂ ಖರ್ಚಾಗುತ್ತಿರಲಿಲ್ಲ. ಕನ್ನಡ ನಾಡು ಒಂದಾದ ವರ್ಷ ಅವನು ಮಗಳು ಕರೆವ್ವನನ್ನು ಕೊಟ್ಟದ್ದು ಆ ಊರಿಗೇ. ಮಗಳನ್ನು ಥಂಡಿ ಊರಿಗೆ ಕೊಟ್ಟೆನೆಂದು ತನ್ನ ಬಾಯಿಂದ ಹೇಳಲು ಅವನಿಗೆ ಆಗುತ್ತಿರಲಿಲ್ಲ. ಹಾಗಿದ್ದರೂ ಪ್ರತಿವರ್ಷ ಹೊರೆಯಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯ ಕಂಬಳಿ, ಸಂತೆಗೆ ಹೋಗುವ ಮೊದಲೇ ಅವಳ ಮನೆಯಲ್ಲಿ ಇಳಿಯುತ್ತಿತ್ತು. "ಬೆಚ್ಚನ್ನ ಊರಾಗ ಇದು ಯಾಕೋ ಅಪ್ಪಾ?" ಎಂದು ಕರೆವ್ವ ನಗುತ್ತ ಕೇಳಿದರೆ, ಲಕ್ಕಪ್ಪ ಅದನ್ನು ಅವಳ ಹೆಗಲಿಗೆ ಹೊದಿಸುತ್ತ ಹೇಳುತ್ತಿದ್ದ: "ಹಾಸಾಕವ್ವಾ, ಹೊಚ್ಚಿಕೊಳ್ಳಾಕಲ್ಲ."