ಅವ್ವ ತಿಕ್ಕಿದ ಹೊಟ್ಟೆ

"ಮಗುವಿನ ಹೊಟ್ಟೆಯನ್ನು ಯಾರಾದರೂ ತಿಕ್ಕಿದ್ದಾರಾ?"

ಸ್ಕ್ಯಾನಿಂಗ್ ರಿಪೋರ್ಟ್ ನೋಡುತ್ತಿದ್ದ ವಿಶಾಖಪಟ್ಟಣದ ಡಾಕ್ಟರು ತಲೆ ಎತ್ತದೆ ಕೇಳಿದರು. ತಿಕ್ಕಿದವಳು ನನ್ನ ಅವ್ವ. ತಿಕ್ಕು ಎಂದವಳು ನಾನು.

ನಾನು ಅದೇ ಊರಿನ ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಆಫೀಸರ್. ಗಂಡನ ಕೆಲಸ ವಿಜಯವಾಡದಲ್ಲಿ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನೇ (ಇದನ್ನು ಹಿಂದಿನ ಬರಹಗಳಲ್ಲೂ ಬರೆದೂ ಬರೆದೂ ನಿಮಗೆ ಬೇಸರ ತರಿಸಿದ್ದೇನೆ, ಗೊತ್ತು). ಮಗಳು ಚಿನ್ನಿಗೆ ಮೂರೂವರೆ ವರ್ಷ. ಅವಳನ್ನು ನೋಡಿಕೊಳ್ಳಲು ಅವ್ವ ಕೊಪ್ಪಳದ ಕಡೆಯ ನಮ್ಮೂರಿನಿಂದ ಬಂದಿದ್ದಾಳೆ.

ಊರಲ್ಲಿ ಅವ್ವನಿಗೆ ದೊಡ್ಡ ಹೆಸರು. ಮಕ್ಕಳಿಗೆ ಹೊಟ್ಟೆನೋವು ಬಂದರೆ 'ಬಟ್ಟಿ ಸರಿದಿದೆ', ಅಂದರೆ ಹೊಕ್ಕುಳ ನಾಡಿ ಜಾಗ ಬಿಟ್ಟಿದೆ ಎಂದು ಎಲ್ಲರೂ ಅವಳ ಬಳಿಯೇ ಓಡಿಬರುತ್ತಾರೆ. ಎಣ್ಣೆ ಹಚ್ಚಿ ಮೂರು ಬೆಳಿಗ್ಗೆ ತಿಕ್ಕುತ್ತಾಳೆ. ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ.

ಆ ಸೋಮವಾರ ಚಿನ್ನಿಗೆ ಎರೆಯುತ್ತಿದ್ದ ಅವ್ವ ಬಚ್ಚಲಿನಿಂದಲೇ ಕೂಗಿದಳು.

"ಏ, ಇಲ್ಲಿ ಬಾ. ಕೂಸಿನ ಹೊಟ್ಟಿ ಎಡಗಡೆ ಗಟ್ಟಿ ಹತ್ತತೈತಿ. ಬಟ್ಟಿ ಸರದೈತಿ ನೋಡು."

"ಅಮ್ಮಮ್ಮಾ, ಚಕ್ಕಿಲಿಗಿಂತಲು!" ಕಚಗುಳಿಯಾದ ಚಿನ್ನಿ ತೆಲುಗಿನಲ್ಲೇ ನಕ್ಕಳು. ನೋವಿಲ್ಲ, ಜ್ವರವಿಲ್ಲ. ನನಗೋ ಬ್ಯಾಂಕಿಗೆ ತಡವಾಗುತ್ತಿತ್ತು.

"ಗ್ಯಾಸ್ ಇರಬೇಕವ್ವ. ತಿಕ್ಕಿಬಿಡು."

"ನೀ ಇದನ್ನೆಲ್ಲ ನಂಬಂಗಿಲ್ಲಲ್ಲ, ಕಲತಾಕಿ?" ಅವ್ವ ಚುಚ್ಚಿದಳು.

ನಂಬಿರಲಿಲ್ಲ. ತಿಕ್ಕಿದರೆ ಹೋಗುವುದೇನು ಎಂದುಕೊಂಡೆ. ಓದು ಬಾರದ ಕೈಗೆ ಗಡ್ಡೆ ಸಿಕ್ಕಿತ್ತು, ಓದಿದ ತಲೆಗೆ ಗ್ಯಾಸ್ ಹೊಳೆದಿತ್ತು!

ಎರಡು ಬೆಳಿಗ್ಗೆ ತಿಕ್ಕಿದಳು. ಮೂರನೆಯ ದಿನ ಚಿನ್ನಿಯ ಮೂತ್ರ ಕೆಂಪಗಿತ್ತು.

ಕಿಡ್ನಿಯಲ್ಲಿ ಗಡ್ಡೆ. ಪುಟ್ಟ ಮಕ್ಕಳಲ್ಲೇ ಹೆಚ್ಚಾಗಿ ಬರುವ ಕ್ಯಾನ್ಸರ್ ಇರಬಹುದು ಎಂದರು ಡಾಕ್ಟರು. ಎಷ್ಟೋ ಸಲ ನೋವೇ ಇರುವುದಿಲ್ಲವಂತೆ, ಮಗು ಆಡಿಕೊಂಡೇ ಇರುತ್ತದಂತೆ. "ಪೊಟ್ಟ ಎವರೂ ನೊಕ್ಕೊದ್ದಮ್ಮಾ" ಎಂದು ಎರಡೆರಡು ಸಲ ಹೇಳಿದರು. ಹೊಟ್ಟೆಯನ್ನು ಯಾರೂ ಒತ್ತಬಾರದು. ಒತ್ತಿದರೆ ಗಡ್ಡೆ ಒಳಗೇ ಒಡೆಯಬಹುದು, ಹರಡಬಹುದು.

ಒಡೆದಿತ್ತಾ?

ವಿಜಯವಾಡದ ಮಕ್ಕಳ ಸರ್ಜನ್ ಬಳಿಗೆ ಹೊರಟೆವು. ಆ ಆರು ಗಂಟೆಯ ರೈಲು ಪ್ರಯಾಣ ಶತ್ರುವಿಗೂ ಬೇಡ. ಎದುರಿನ ಸೀಟಿನಾಕೆ ಪ್ರೀತಿಯಿಂದ ಎತ್ತಿಕೊಳ್ಳಲು ಕೈ ಚಾಚಿದರೆ "ಮುಟ್ಟಬೇಡಿ!" ಎಂದು ಕಿರುಚಿದೆ. ಬೋಗಿ ಕುಲುಕಿದರೆ ಭಯ. ಮಗಳು ಕೆಮ್ಮಿದರೆ ಭಯ. ನಕ್ಕರೂ ಭಯ. ಮಗು ನಗದಿರಲಿ ಎಂದು ಬೇಡಿಕೊಂಡ ತಾಯಿಯನ್ನು ನೀವು ನೋಡಿದ್ದೀರಾ?

"ಸ್ಕ್ಯಾನಿನಲ್ಲಿ ಒಡೆದಂತೆ ಕಾಣುತ್ತಿಲ್ಲ" ಎಂದರು ಸರ್ಜನ್.

"ಅಂದ್ರೆ ಒಡೆದಿಲ್ಲ ಅಂತಾನಾ ಸಾರ್?"

"ಆಪರೇಷನ್ ಮಾಡಿ ಪರೀಕ್ಷೆಗೆ ಕಳಿಸಿದ ಮೇಲೆ ಖಚಿತವಾಗಿ ಹೇಳಬಹುದಮ್ಮ. ಮೊದಲು ಔಷಧಿ ಕೊಟ್ಟು ಗಡ್ಡೆ ಕುಗ್ಗಿಸೋಣ. ಬೇಗ ಸಿಕ್ಕಿದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ."

ಬಹುಪಾಲು ಸರಿ, ಉಳಿದ ಪಾಲು?

ಈಗ ಔಷಧಿಯ ನಾಲ್ಕನೆಯ ವಾರ. ರಜೆ ಹಾಕಿ, ಅವ್ವನನ್ನೂ ಕರೆದುಕೊಂಡು ವಿಜಯವಾಡದಲ್ಲೇ ಇದ್ದೇವೆ. ಚಿನ್ನಿಯ ಕೂದಲು ದಿಂಬಿನ ಮೇಲಿದೆ. ಮುಂದಿನ ವಾರ ಆಪರೇಷನ್. ತಿಕ್ಕಿದ್ದರ ಅಪಾಯವನ್ನು ಮಾತ್ರ ಅವ್ವನಿಂದ ಮುಚ್ಚಿಟ್ಟಿದ್ದೆ. ಯಾವ ಬಾಯಲ್ಲಿ ಹೇಳಲಿ?

ಮೊನ್ನೆ ಊರಿನಿಂದ ಪಕ್ಕದ ಮನೆಯವಳ ಫೋನು. ತನ್ನ ಮೊಮ್ಮಗನ ಹೊಟ್ಟೆ ಉಬ್ಬಿದೆ, ಅವ್ವ ಯಾವಾಗ ಬರುತ್ತಾಳೆ, ಬಟ್ಟಿ ತಿಕ್ಕಿಸಬೇಕು. "ಅಲ್ಲಿತನಕ ನೀನಽ ಒಂದೀಟು ಎಣ್ಣಿ ಹಚ್ಚಿ..." ಎಂದು ಅವ್ವ ಶುರು ಮಾಡುತ್ತಿದ್ದಂತೆ ಫೋನ್ ಕಸಿದುಕೊಂಡೆ. ಮೊದಲು ಆಸ್ಪತ್ರೆಗೆ ಹೋಗಿ, ಹೊಟ್ಟೆ ಮುಟ್ಟಬೇಡಿ ಎಂದೆ. ಆಮೇಲೆ ಅವ್ವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ತಿಕ್ಕು ಅಂದವಳು ನಾನೇ ಎಂದೂ ಹೇಳಿದೆ.

ಅವ್ವ ಅಳಲಿಲ್ಲ. ಒಂದೇ ಮಾತು ಕೇಳಿದಳು:

"ಇಷ್ಟ್ ವರ್ಷದಾಗ ಎಷ್ಟ್ ಕೂಸುಗಳ ಹೊಟ್ಟಿ ತಿಕ್ಕೇನಿ, ಅದರಾಗ ಇಂಥವು ಎಷ್ಟಿದ್ದುವು?"