ಬೀಗ ಬಿದ್ದ ಮನೆಗಳ ಪಟ್ಟಿ

ಬೀಗ ಹಾಕಿದ ಮನೆ ಕಂಡರೆ ಇಂದಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಕಳ್ಳನಿಗಾದರೂ ಖುಷಿಯಾದೀತು. ನಾನು ಮಾತ್ರ ಬೈಕಿನ ವೇಗ ಹೆಚ್ಚಿಸಿ, ತಲೆ ತಗ್ಗಿಸಿ ಓಣಿ ದಾಟುತ್ತೇನೆ.

ಆಗ ನಾನು ಹಾವೇರಿಯ ಒಂದು ಪ್ರತಿಷ್ಠಾನದಲ್ಲಿದ್ದೆ. ಗ್ರಾಮಸಭೆಯಲ್ಲಿ ಎದ್ದು ಮಾತಾಡುವುದನ್ನು, ಪಂಚಾಯ್ತಿಯಿಂದ ಲೆಕ್ಕಪತ್ರ ಕೇಳುವುದನ್ನು ಹಳ್ಳಿಯ ಹೆಂಗಸರಿಗೆ ಕಲಿಸುವುದು ನಮ್ಮ ಕೆಲಸ. ಪ್ರಜಾಪ್ರಭುತ್ವವನ್ನು ನಾನೊಬ್ಬನೇ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದೇನೆ ಎಂಬ ಗತ್ತು ಬೇರೆ ಇತ್ತು.

ರಾಣೆಬೆನ್ನೂರಿಗೂ ಬ್ಯಾಡಗಿಗೂ ನಡುವಿನ ಹಳ್ಳಿಯೊಂದರಲ್ಲಿ ನಲವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದಳು. ಮೊದಲ ಸಭೆಯಲ್ಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತವಳು, ಎರಡನೇ ವರ್ಷಕ್ಕೆ ಪಂಚಾಯ್ತಿ ಕಾರ್ಯದರ್ಶಿಯನ್ನೇ ನಿಲ್ಲಿಸಿ ಕೇಳಿದಳು: "ನಮ್ಮ ಓಣಿಗೆ ನೀರ ಯಾಕ ಬರಂಗಿಲ್ರಿ? ನಾವೇನ ಬ್ಯಾರೆ ಊರವ್ರೇನ?" ಪಂಚಾಯ್ತಿ ಚುನಾವಣೆಗೆ ನಿಲ್ಲು ಎಂದು ನಾನೇ ಗಂಟುಬಿದ್ದೆ. ತಿಂಗಳುಗಟ್ಟಲೆ ತಲೆ ತಿಂದ ಮೇಲೆ, "ಆತ್ ಬಿಡ್ರಿ ಸರ್, ನಿಂದರ್ತೀನಿ" ಅಂದಳು.

ಅದೇ ಹೊತ್ತಿಗೆ ಮತದಾರರ ಪಟ್ಟಿಯ ಪರಿಶೀಲನೆ ಬಂತು. ಸತ್ತವರು ಯಾರು, ಊರು ಬಿಟ್ಟವರು ಯಾರು ಎಂದು ಮನೆಮನೆಗೆ ಹೋಗಿ ಬರೆದುಕೊಡುವ ಕೆಲಸವನ್ನು ಪ್ರತಿಷ್ಠಾನ ಹುಮ್ಮಸ್ಸಿನಿಂದ ಒಪ್ಪಿಕೊಂಡಿತು. ಹೊಸದಾಗಿ ಸೇರಿದ ಕಾರ್ಯಕರ್ತರು ಹನ್ನೊಂದಕ್ಕೆ ಊರು ಮುಟ್ಟಿ ನಾಲ್ಕಕ್ಕೆ ಹೊರಡುತ್ತಿದ್ದರು. ಮೂರು ಸಲ ಹೋದಾಗಲೂ ಬೀಗವಿದ್ದರೆ ಊರು ಬಿಟ್ಟಿದ್ದಾರೆ ಎಂದು ಬರೆಯಿರಿ ಎಂದವನು ನಾನು. ಮೆಣಸಿನಕಾಯಿ ಸುಗ್ಗಿಯಲ್ಲಿ ಆಕೆಯ ಓಣಿಯ ಹೆಂಗಸರು ನಸುಕಿಗೇ ಟಂಟಂ ಗಾಡಿ ಹತ್ತಿ ಬ್ಯಾಡಗಿಗೆ ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಹೋದರೆ, ಮರಳುವುದು ದೀಪ ಹಚ್ಚುವ ಹೊತ್ತಿಗೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನನ್ನ ಅವ್ವನೂ ಅದೇ ಕೆಲಸ ಮಾಡಿ ಬಂದು, ಉರಿಯುವ ಬೆರಳುಗಳನ್ನು ಮಜ್ಜಿಗೆಯಲ್ಲಿ ಅದ್ದಿ ಕೂರುತ್ತಿದ್ದಳು. ಆದರೂ ಚಹಾ ಕುಡಿಯುತ್ತ, ಒಂದು ಹೆಸರನ್ನೂ ಓದದೆ, ಕಾರ್ಯಕರ್ತರು ತಂದ ಪಟ್ಟಿಯ ಪುಟಪುಟಕ್ಕೂ ಸಹಿ ಮಾಡಿ ತಾಲ್ಲೂಕು ಕಚೇರಿಗೆ ಕಳಿಸಿದೆ.

ನಾಮಪತ್ರ ಸಲ್ಲಿಸುವ ಕೊನೆಯ ದಿನ ಆಕೆ ಇಳಕಲ್ ಸೀರೆ ಉಟ್ಟು ಪಂಚಾಯ್ತಿ ಕಚೇರಿಗೆ ಬಂದಳು. ಮತದಾರರ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಹೆಸರಿಲ್ಲದವರು ನಿಲ್ಲುವಂತಿಲ್ಲ, ಸೇರಿಸಲು ಸಮಯವೂ ಇಲ್ಲ.

"ನಾ ಇಲ್ಲೇ ಅದೀನಲ್ರಿ," ಎಂದು ಮೇಜಿನಾಚೆಯ ಅಧಿಕಾರಿಗೆ ಹೇಳಿದಳು.

ಆ ದನಿ ಈಗಲೂ ನನ್ನ ಬೆನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ ಕೇಳಿಸಿ ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ.

ಬಾಗಿಲ ಬಳಿ ನಿಂತಿದ್ದ ನನಗೆ ಆಗಲೇ ಎಲ್ಲ ಹೊಳೆದುಹೋಗಿತ್ತು. "ಯಾರ್ ಸರ್ ಇದನ್ನ ಮಾಡಿದವ್ರು?" ಎಂದು ಆಕೆ ಕೇಳಿದಾಗ "ವಿಚಾರ ಮಾಡೋಣು" ಎಂದೆ. ಆ ಮಾತಿಗಾಗಿ ನನ್ನನ್ನು ನಾನು ಕ್ಷಮಿಸಿಲ್ಲ.

ನಾನು ವಿಚಾರಿಸಲಿಲ್ಲ, ಆಕೆ ವಿಚಾರಿಸಿದಳು. ಮಾಹಿತಿ ಹಕ್ಕಿನ ಅರ್ಜಿಯನ್ನು ಸ್ವಂತ ಕೈಯಿಂದ ಬರೆದು, ತಿಂಗಳು ಕಾದು, ನಾವು ಕೊಟ್ಟ ಪಟ್ಟಿಯ ಪ್ರತಿ ತೆಗೆಸಿ, ಹಾವೇರಿಯ ನಮ್ಮ ಕಚೇರಿಗೆ ಬಂದಳು. ಸೀರೆಯಲ್ಲಿ ಮೆಣಸಿನ ಘಾಟು ಇತ್ತು. ಇಬ್ಬರೂ ಸೀನಿದೆವು, ಆಕೆ ನಕ್ಕಳು ಕೂಡ. ಆಮೇಲೆ ಹಾಳೆಯನ್ನು ನನ್ನ ಮುಂದೆ ಬಿಡಿಸಿ, ಕೆಳಗಿನ ಸಹಿಯ ಮೇಲೆ ಬೆರಳಿಟ್ಟಳು.

"ಇದು ಯಾರ ಸಹಿ ಐತಿ, ನೋಡಿ ಹೇಳ್ರಿ ಸರ್."

ಆಕೆಗೆ ಗೊತ್ತಿತ್ತು. ನಾನು ಕೊಟ್ಟ ತರಬೇತಿಯ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಳು, ಅದರ ಮೇಲೂ ಇದೇ ಸಹಿ. ಬೈಯಲು ಬಂದವಳಲ್ಲ. ನನ್ನ ಬಾಯಿಂದ ಒಂದೇ ಒಂದು ಮಾತು ಬರಲಿ ಎಂದು ಕಾಯುತ್ತಿದ್ದಳು. ನನಗೆ ನಾಚಿಕೆಗಿಂತ ಹೆದರಿಕೆ ದೊಡ್ಡದಾಯಿತು.

"ಝೆರಾಕ್ಸ್ ಮಸಕ ಬಂದೈತಿ ಯಕ್ಕಾ, ತಿಳೀವಲ್ದು," ಎಂದೆ.

ಆಕೆ ಹಾಳೆಯನ್ನು ನಿಧಾನವಾಗಿ ಮಡಚಿ ಚೀಲದಲ್ಲಿಟ್ಟುಕೊಂಡಳು.

"ಹಂಗಾರ ನಿಮ್ಮ ಸಭಾದ ಪಟ್ಟಿಯಾಗಿಂದೂ ನನ್ನ ಹೆಸರ ತಗದಬಿಡ್ರಿ ಸರ್. ಈ ಸಲ ನಾನ ಹೇಳಾಕತ್ತೇನಿ."

ಆಕೆಯ ಎದುರಿಗೇ ತೆಗೆದೆ.