ಫುನಾಬೊರಿಯ ಅಡುಗೆಮನೆಯಿಂದ ಗಡಿಯಾರ ಗೋಪುರಕ್ಕೆ

ಕಳೆದ ಭಾನುವಾರ ಇಂಗ್ಲೆಂಡಿನ ಒಂದು ಪುಟ್ಟ ಸಂತೆ ಊರಿನಲ್ಲಿ ನಾನು ಹತ್ತು ಮಂದಿ ಜಪಾನೀ ಹಿರಿಯರಿಗೆ ಗೈಡ್ ಆಗಿದ್ದೆ. ಇಂಗ್ಲೆಂಡನ್ನು ನಾನು ಕಂಡವಳಲ್ಲ. ಇದ್ದದ್ದು ಜಪಾನಿನ ಫುನಾಬೊರಿಯ ನಮ್ಮ ಅಡುಗೆಮನೆಯಲ್ಲಿ, ಲ್ಯಾಪ್‌ಟಾಪ್ ಮುಂದೆ.

ಆಗಿದ್ದಿಷ್ಟು. ಕೆಳಮನೆಯ ಇತೋ ಸಾನ್ (ನಮ್ಮ ‘ಅವರು’ ಇದ್ದಂತೆ ಈ ‘ಸಾನ್’) ದಂಪತಿ ತಮ್ಮ ಹಿರಿಯರ ಕ್ಲಬ್ಬಿನ ಜೊತೆ ಆ ಊರಿಗೆ ಟಿಕೆಟ್ ಮಾಡಿಸಿದ್ದರು. ಕೊರೊನಾ ಬಂತು, ವಿಮಾನ ನಿಂತಿತು. ಅಷ್ಟರಲ್ಲಿ ಹೆಂಡತಿ ಫುಮಿಕೊ ಸಾನ್ ಆಸ್ಪತ್ರೆ ಸೇರಿದರು (ಬೇರೆ ಕಾಯಿಲೆ). ಗಂಡನನ್ನೂ ಒಳಗೆ ಬಿಡುವುದಿಲ್ಲ. ಆ ಊರಿನ ಹಳೆಯ ಗಡಿಯಾರ ಗೋಪುರವನ್ನು ಗಂಡನ ಜೊತೆ ನೋಡಬೇಕೆಂಬುದು ಆಕೆಯ ಆಸೆ. ಇಂಟರ್ನೆಟ್ ಮ್ಯಾಪಿನಲ್ಲಿ ಬೀದಿಗಳ ಫೋಟೋ ಇರುತ್ತದಲ್ಲ, ಎಲ್ಲರೂ ವಿಡಿಯೋ ಕಾಲ್‌ನಲ್ಲಿ ಸೇರಿ ಅದರಲ್ಲೇ ಸುತ್ತೋಣ ಎಂದು ಇತೋ ಸಾನ್ ತೀರ್ಮಾನಿಸಿದರು. ಗೈಡ್ ನಾನು. ಇಂಡಿಯನ್, ಇಂಗ್ಲಿಷ್ ಬರುತ್ತದೆ, ಇನ್ನೇನು ಬೇಕು?

ಹತ್ತೂ ಮಂದಿ ಟೋಪಿ, ನೀರಿನ ಬಾಟಲಿ ಸಮೇತ ಹಾಜರಾದರು (ಹಾಸಿಗೆಯಲ್ಲಿದ್ದ ಫುಮಿಕೊ ಸಾನ್ ಕೂಡ). ಕಂಬಗಳ ಮೇಲೆ ನಿಂತ ಹಳೆಯ ಮಾರುಕಟ್ಟೆ ಕಟ್ಟಡ ತೋರಿಸಿದೆ. ಚರ್ಚ್ ತೋರಿಸಿದೆ. ಚರ್ಚ್ ಹಿಂದೆ ಬರಲೆಂದು ಎಲ್ಲರೂ ಸ್ಕ್ರೀನಿಗೆ ಬೆನ್ನು ಮಾಡಿ ಗ್ರೂಪ್ ಫೋಟೋ ಆಯಿತು. ನಡುವೆ ಟಾಯ್ಲೆಟ್ ಬ್ರೇಕ್ ಬೇರೆ.

ಗೋಪುರವಿದ್ದದ್ದು ರಸ್ತೆಯ ಆಚೆ. ಪಾದಚಾರಿ ಸಿಗ್ನಲ್ ಕೆಂಪು. ನಾನು ಕ್ಲಿಕ್ಕಿಸಿ ಮುಂದೆ ಹೋಗಿಬಿಟ್ಟೆ.

"ಸುಮಿಮಾಸೆನ್," ಕ್ಷಮೆ ಕೇಳುತ್ತಲೇ ಇತೋ ಸಾನ್ ಮೆತ್ತಗೆ ಅಂದರು. "ಕೆಂಪಿದೆ."

ಹಿಂದೆ ಬಂದೆ. ಎಲ್ಲರೂ ಕಾಯುತ್ತಾ ನಿಂತೆವು. ನನ್ನ ಗಂಡ ಕಾಫಿ ಲೋಟ ಹಿಡಿದು ಇಣುಕಿದ. "ಲೇ, ಅದು ಫೋಟೋ ಕಣೇ. ಯುಗಾದಿವರೆಗೆ ಕಾದ್ರೂ ಹಸಿರಾಗಲ್ಲ."

ಅದು ಅವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೂ ಮೊದಲು ಹೆಜ್ಜೆ ಇಡುವವರು ಯಾರು? ಫ್ರೀ ಕಾಲ್ ಮುಗಿಯಲು ಇನ್ನು ಐದೇ ನಿಮಿಷ. ಆಸ್ಪತ್ರೆಯ ನರ್ಸ್ ಟ್ಯಾಬ್ ಕೊಟ್ಟಿದ್ದೂ ಅಷ್ಟೇ ಹೊತ್ತಿಗೆ. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು.

ಆಗ ಫುಮಿಕೊ ಸಾನ್ ಬಾಯಿಬಿಟ್ಟರು. "ಎಪ್ಪತ್ತೊಂಬತ್ತು ವರ್ಷ ಎಲ್ಲಾ ಕೆಂಪಿಗೂ ನಿಂತಿದೀನಿ. ಇವತ್ತು ದಾಟ್ತೀನಿ. ನೀವು ಬರ್ತೀರಾ?"

ಇತೋ ಸಾನ್ ಎರಡೂ ಬದಿ ನೋಡಿದರು. (ಬಲಕ್ಕಿದ್ದದ್ದು ಫ್ರಿಜ್.) ರಸ್ತೆ ದಾಟುವಾಗ ಇಲ್ಲಿ ಮಕ್ಕಳಿಗೆ ಕಲಿಸುವಂತೆ ಕೈ ಎತ್ತಿದರು. ಉಳಿದವರೂ ಎತ್ತಿದರು. ನಾನು ಕ್ಲಿಕ್ಕಿಸಿದೆ. ಫೋಟೋದಲ್ಲಿ ನಿಂತಿದ್ದ ನೀಲಿ ವ್ಯಾನಿಗೆ ಎಲ್ಲರೂ ತಲೆಬಾಗಿ ವಂದಿಸಿ ರಸ್ತೆ ದಾಟಿದರು. ಗಂಡ ಹೆಂಡತಿ ಬೇರೆ ಬೇರೆ ಚೌಕಗಳಲ್ಲಿ ಕುಳಿತು, ಕಾಲ್ ಕಟ್ಟಾಗುವವರೆಗೂ ಅದೇ ಗೋಪುರವನ್ನು ನೋಡಿದರು. ನನಗೆ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಇತೋ ಸಾನ್ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಹತ್ತು ಮಂದಿಯ ಹೆಸರಿದ್ದ ಕ್ಷಮಾಪಣೆ ಪತ್ರ, ಆ ಊರಿನ ಪುರಸಭೆಗೆ. ನಾನು ಅದನ್ನು ಇಂಗ್ಲಿಷಿಗೆ ಮಾಡಿಕೊಡಬೇಕಂತೆ.

ಏನೆಂದು ಬರೆಯಲಿ, ನೀವೇ ಹೇಳಿ: ನಿಮ್ಮೂರಿಗೆ ಕಾಲಿಡದೆಯೇ ನಿಮ್ಮ ಸಿಗ್ನಲ್ ಜಂಪ್ ಮಾಡಿದೆವು, ಕ್ಷಮಿಸಿ ಎಂದೇ?